ನೀರು ಬಿಡದ ಮೆಶಿನ್ನು

ನಮ್ಮ ಮನೆಯ ವಾಷಿಂಗ್ ಮೆಶಿನ್ನು ಕೈಕೊಟ್ಟಿದ್ದು ಕುಬಸದ ಹಿಂದಿನ ದಿನ, ಬೆಳಗಿನ ಹತ್ತು ಗಂಟೆಗೆ. ಇಷ್ಟು ದಿನ ಸುಮ್ಮನಿದ್ದು ಇವತ್ತೇ ಕೆಡಬೇಕೆ ಎಂದು ಅದರ ಮಗ್ಗುಲಿಗೆ ಎರಡು ಗುದ್ದಿದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗಂಡ ಪ್ರವೀಣಕುಮಾರ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ. ಸುಳ್ಳೇನಲ್ಲ.

ನಾದಿನಿ ಹೊಳಿಯವ್ವನಿಗೆ ಏಳು ತಿಂಗಳು, ಅವಳ ಸೀಮಂತವೇ ಈ ಕುಬಸ. ಮರುದಿನ ಅವಳನ್ನು ಬ್ಯಾಡಗಿಯ ಗಂಡನ ಮನೆಯಿಂದ ರಾಣೆಬೆನ್ನೂರಿಗೆ ಕರೆತಂದು, ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಸೆರಗಿಗೆ ಅಕ್ಕಿ, ಅರಿಶಿಣಕೊಂಬು, ಅಡಿಕೆ, ಉತ್ತತ್ತಿ ಹಾಕಿ ಉಡಿ ತುಂಬುವುದಿತ್ತು. ಮನೆ ತುಂಬ ನೆಂಟರು ಬರುವವರು. ಹಾಗಾಗಿ ಬೆಳಿಗ್ಗೆ ಎದ್ದವಳೇ ಕೋಣೆ ಕೋಣೆಗೆ ನುಗ್ಗಿ, ಕೈಗೆ ಸಿಕ್ಕ ಅರಿವೆಯನ್ನೆಲ್ಲ ತಂದು ಮೆಶಿನ್ನಿಗೆ ತುರುಕಿದ್ದೆ.

ಎಲ್ಲ ತಯಾರಿಯೂ ಆಗಿತ್ತು, ಒಂದು ಬಿಟ್ಟು. ಅತ್ತೆ ಗದಿಗೆವ್ವ ಕುಬಸಕ್ಕೆ ಹೊರಗೆ ಬರುವುದಿಲ್ಲ ಎಂದು ಹಟ ಹಿಡಿದಿದ್ದರು. ಮಾವ ಅಜ್ಜಪ್ಪನವರು ತೀರಿಕೊಂಡು ಒಂದೂವರೆ ವರ್ಷವಾಗಿತ್ತು. "ನಾ ಅಡಗಿಮನ್ಯಾಗ ಇರತೇನವ್ವ. ಹೋಳಗಿ ಮಾಡಾಕ ಒಬ್ರು ಬೇಕಲ್ಲ" ಎನ್ನುತ್ತಿದ್ದರು. ಅತ್ತ ಹೊಳಿಯವ್ವ ದಿನಾ ಫೋನು ಮಾಡಿ ಅಳುತ್ತಿದ್ದಳು. "ವೈನಿ, ನನ್ನ ಉಡಿ ಅವ್ವನೇ ತುಂಬಬೇಕು. ಇಲ್ಲಾಂದ್ರ ನನಗ ಕುಬಸಾನೂ ಬ್ಯಾಡ, ಏನೂ ಬ್ಯಾಡ."

ಇಂಥದರ ನಡುವೆ ಈ ಮೆಶಿನ್ನು. ರಿಪೇರಿ ಮಾಡುವ ಶಾಬುದ್ದೀನನಿಗೆ ಫೋನು ಹಚ್ಚಿದೆ. ಅವನು ಹಾವೇರಿಯಲ್ಲಿದ್ದ, ಸಂಜೆಯವರೆಗೆ ಬರುವಂತಿರಲಿಲ್ಲ.

"ಅಕ್ಕಾರ, ಮೊದ್ಲ ಸಿಟ್ಟ ಬಂದ್ ಮಾಡ್ರಿ, ಆಮ್ಯಾಲೆ ಮೆಶಿನ್ ಬಂದ್ ಮಾಡ್ರಿ" ಎಂದ. "ಈಗ ಹೇಳ್ರಿ, ಗೂಂ ಅಂತಿತ್ತೋ, ಸುಮ್ನ ನಿಂತಿತ್ತೋ?"

"ಗೂಂ ಅಂತಿತ್ತು. ನೀರ ಹೊರಗ ಹೋಗವಲ್ದು, ಡ್ರಮ್ಮ ತಿರಗವಲ್ದು, ಬಾಗಲಾನೂ ತೆಗಿಯವಲ್ದು."

"ನೀರ ಹೋಗೂತನಕಾ ಅದು ತಿರಗಂಗಿಲ್ರಿ, ಬಾಗಲಾನೂ ತೆಗಿಯಂಗಿಲ್ಲ. ಮೆಶಿನ್ ಕೆಟ್ಟಿಲ್ಲ. ಗಂಟಲ್ದಾಗ ಏನೋ ಸಿಕ್ಕೈತಿ. ಹಿಂದಿನ ಪೈಪ್ ಮಡಚೈತೇನು ನೋಡ್ರಿ."

ಮಡಚಿರಲಿಲ್ಲ. ಹಾಗಾದರೆ ಇದು ಅತ್ತೆಯದೇ ಕೆಲಸ ಎಂದುಕೊಂಡೆ. ಎಲೆ ಅಡಿಕೆಯ ಸಂಚಿಯನ್ನು ಸೊಂಟದಲ್ಲೇ ಮರೆತು ಸೀರೆ ಬಿಚ್ಚಿ ಹಾಕುವುದು ಅವರ ರೂಢಿ. "ಅತ್ತೀ, ಸಂಚಿ ಎಲ್ಲೈತ್ರಿ? ಎಷ್ಟ ಸಲ ಹೇಳೇನಿ ನಿಮಗ!" ಎಂದು ಅಲ್ಲಿಂದಲೇ ಕೂಗಿದೆ.

ಅತ್ತೆ ಬಂದರು. ಸಂಚಿ ಅವರ ಕೈಯಲ್ಲೇ ಇತ್ತು. ಅವರು ಬಗ್ಗಿ ಮೆಶಿನ್ನಿನ ಗಾಜಿನೊಳಗೆ ನೋಡಿದರು, ಮುಖ ಸಣ್ಣದಾಯಿತು.

"ಈ ಹಸರ ಸೀರಿ ಎಲ್ಲಿ ಸಿಕ್ಕಿತ್ತವ್ವಾ ನಿನಗ?"

"ನಿಮ್ಮ ಹಾಸಿಗಿ ಮ್ಯಾಲೆ. ಮುದ್ದಿಯಾಗಿ ಬಿದ್ದಿತ್ತು, ಅವಸರದಾಗ ಬಿಚ್ಚಿ ನೋಡ್ಲಾರ್ದ ತಂದು ಹಾಕೀನಿ. ಹೊಳಿಯವ್ವನ ಹಳೇದಲ್ಲೇನ್ರಿ?"

ಅತ್ತೆ ಗೋಡೆಗೆ ಒರಗಿ ಕುಳಿತುಬಿಟ್ಟರು. ನನಗೆ ಕೇಳುವ ವ್ಯವಧಾನವಿರಲಿಲ್ಲ. ಶಾಬುದ್ದೀನ ಫೋನಿನಲ್ಲಿ ಹೇಳುತ್ತ ಹೋದಂತೆ ಪ್ಲಗ್ಗು ಕಿತ್ತು, ಕೆಳಗಿನ ಮೂಲೆಯ ಸಣ್ಣ ಬಾಗಿಲು ತೆರೆದೆ. ಅಲ್ಲಿದ್ದ ಕಿರುಬೆರಳಿನಷ್ಟು ಪೈಪನ್ನು ಹೊರಗೆಳೆದು ಬಿರಡೆ ತೆಗೆದು, ಪರಾತದಲ್ಲಿ ನೀರು ಹಿಡಿದೆ. ಹದಿಮೂರು ಪರಾತ. ಸೊಂಟ ಬಿದ್ದುಹೋಯಿತು. ಆಮೇಲೆ ಪಕ್ಕದ ದುಂಡನೆಯ ಮುಚ್ಚಳವನ್ನು ಎಡಕ್ಕೆ ತಿರುವಿ ಎಳೆದರೆ, ಉಳಿದ ನೀರು ಭಸ್ಸನೆ ನನ್ನ ಮಡಿಲಿಗೆ ನುಗ್ಗಿತು. ಅದರ ಹಿಂದೆಯೇ ಅಕ್ಕಿ ಬಂತು.

ಅಕ್ಕಿ! ಉಬ್ಬಿ ಮೆತ್ತಗಾದ ಅಕ್ಕಿ, ಎರಡು ಹಿಡಿಯಷ್ಟು. ಒಳಗೆ ಬೆರಳು ಹಾಕಿ ತಡಕಿದರೆ ನೀರು ತಳ್ಳುವ ಪುಟ್ಟ ಫ್ಯಾನಿಗೆ ಅಡ್ಡಲಾಗಿ ಒಂದು ಅರಿಶಿಣಕೊಂಬು ಸಿಕ್ಕಿಕೊಂಡಿತ್ತು. ಅದನ್ನು ಕಿತ್ತೆ. ಅಷ್ಟರಲ್ಲಿ ಮೇಲಿನ ಗಾಜಿನ ಬಾಗಿಲು ಟಕ್ಕೆಂದು ಬಿಟ್ಟುಕೊಂಡಿತು. ಹಸಿರು ಸೀರೆಯನ್ನು ಎಳೆದೆ. ಸೆರಗಿನ ಗಂಟು ಅರ್ಧ ಬಿಚ್ಚಿತ್ತು. ಅದರೊಳಗೆ ಅಡಿಕೆ, ಉತ್ತತ್ತಿ, ಒಂದು ಕೊಬ್ಬರಿ ಬಟ್ಟಲು, ಮತ್ತೂ ನಾಲ್ಕು ಅರಿಶಿಣಕೊಂಬು.

ಅದು ತುಂಬಿದ ಉಡಿ.

"ಏನ್ರಿ ಅತ್ತೀ ಇದು?" ಎಂದೆ. ದನಿ ತಾನಾಗಿಯೇ ತಗ್ಗಿತ್ತು.

"ನಾಳೆ ಎಲ್ಲಾರೂ ತುಂಬತಾರ" ಎಂದರು ಅತ್ತೆ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. "ನನಗ ಆಗಂಗಿಲ್ಲ. ಅದಕ್ಕ ನಸುಕಿನ್ಯಾಗ ಆಕಿ ಸೀರಿ ಹಾಸಿ, ಆಕೀನ ಕುಂತಾಳ ಅನ್ಕೊಂಡು ತುಂಬೇನವ್ವ. ತೆಗದಿಡೂದ್ರಾಗ ನೀರ ಬಂತಂತ ನಳಕ್ಕ ಓಡಿದೆ. ನಿನ್ನ ಮೆಶಿನ್ ಕೆಡಸಿದೆ. ಸಿಟ್ಟಾಗಬ್ಯಾಡ."

"ಯಾಕ ಆಗಂಗಿಲ್ರಿ? ಯಾರ ಬ್ಯಾಡ ಅಂದಾರ?" ಎಂದು ಕೇಳಬೇಕೆಂದು ಬಾಯಿ ತೆರೆದೆ. ಮುಚ್ಚಿದೆ. ಬೇಡ ಎಂದವಳು ನಾನೇ.

ಹೋದ ವರ್ಷ, ಗಳಗನಾಥದಲ್ಲಿ ನನ್ನ ತಮ್ಮನ ಮದುವೆ. ಮದುಮಗಳಿಗೆ ಉಡಿ ತುಂಬಲು ಅತ್ತೆ ಎಂದಿನಂತೆ ಅಕ್ಕಿಯ ತಟ್ಟೆ ಎತ್ತಿಕೊಂಡಿದ್ದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ತವರಿನವರ ಬಾಯಿಗೆ ಹೆದರಿ ನಾನೇ ಓಡಿಹೋಗಿ, "ನೀವ್ ಕುಂದ್ರಿ ಅತ್ತೀ, ದಣದೀರಿ" ಎಂದು ನಗುನಗುತ್ತ ತಟ್ಟೆ ಇಸಿದುಕೊಂಡಿದ್ದೆ. ಅವರೂ ನಕ್ಕಿದ್ದರು. ಆ ದಿನದಿಂದ ಅವರು ಯಾರ ಮನೆಯ ಕಾರ್ಯಕ್ಕೂ ಹೋಗಿರಲಿಲ್ಲ. ಮೊಣಕಾಲು ನೋವು ಎನ್ನುತ್ತಿದ್ದರು, ನಾನು ನಂಬಿದ್ದೆ. ನಂಬುವುದು ನನಗೂ ಅನುಕೂಲವಾಗಿತ್ತು.

"ಅವತ್ತು ತಪ್ಪು ಮಾಡೇನ್ರಿ" ಎಂದೆ. ಅಳು ನುಗ್ಗಿ ಬಂತು, ಒದ್ದೆ ಸೀರೆಯಲ್ಲೇ ಅವರ ಪಕ್ಕಕ್ಕೆ ಕುಳಿತೆ. ಅವರು ಯಾವತ್ತು ಎಂದು ಕೇಳಲಿಲ್ಲ.

"ಏ ಹುಚ್ಚಿ, ಎದ್ದು ಸೀರಿ ಬದ್ಲ ಮಾಡು. ಥಂಡಿ ಹತ್ತತೈತಿ" ಎಂದಷ್ಟೇ ಹೇಳಿ ಬೆನ್ನು ಸವರಿದರು.

ಮೆಶಿನ್ನು ಮತ್ತೆ ಹಚ್ಚಿದಾಗ ನೀರು ಬಿಟ್ಟಿತು, ಗರಗರ ತಿರುಗಿತು.

ಮರುದಿನ ಹನ್ನೊಂದಕ್ಕೆ ಹೊಳಿಯವ್ವ ಹಸಿರು ಸೀರೆಯಲ್ಲಿ ಮಣೆಯ ಮೇಲೆ ಕುಳಿತಳು. ಸುತ್ತ ಮೂವತ್ತು ಹೆಂಗಸರು. ನಾನು ಅಕ್ಕಿಯ ತಟ್ಟೆ ಹಿಡಿದು ಅಡುಗೆಮನೆಗೆ ಹೋದೆ. ಹೋಳಿಗೆ ಲಟ್ಟಿಸುತ್ತಿದ್ದ ಅತ್ತೆಯ ಕೈ ತೊಳೆಸಿ, ರಟ್ಟೆ ಹಿಡಿದು ನಡುಮನೆಗೆ ಕರೆತಂದೆ. ನೆಂಟರಲ್ಲಿ ಹಿರಿಯಳಾದ ಮುತ್ತವ್ವ ಕೆಮ್ಮಿದಳು. ನಾನು ಅವಳ ಕಡೆ ತಿರುಗಿ ಒಂದು ನೋಟ ನೋಡಿದೆ. ನನ್ನ ಸಿಟ್ಟು ಆಕೆಗೂ ಗೊತ್ತಿತ್ತು, ಕೆಮ್ಮು ನಿಂತಿತು.

"ಮೊದ್ಲ ನಮ್ಮತ್ತಿ ತುಂಬತಾರ" ಎಂದು ತಟ್ಟೆಯನ್ನು ಅವರ ಕೈಗಿತ್ತೆ.

ಹೊಳಿಯವ್ವ ಸೆರಗು ಚಾಚಿದಳು. ಐದು ಬೊಗಸೆ ಹಾಕಿ ನಿಲ್ಲಿಸುವುದು ಪದ್ಧತಿ. ಅತ್ತೆ ಐದು ಹಾಕಿದರು, ಆರು ಹಾಕಿದರು, ಏಳು ಹಾಕಿದರು. ಮಗಳ ಮುಖ ನೋಡುತ್ತ ತಟ್ಟೆ ಬರಿದಾಗುವ ತನಕ ಹಾಕುತ್ತಲೇ ಇದ್ದರು. ಯಾರೂ ಸಾಕು ಎನ್ನಲಿಲ್ಲ. ನಾನು ಅಕ್ಕಿ ತರಲು ಮತ್ತೆ ಒಳಗೆ ಹೋದೆ.