ಒಂದು ಮಿಲಿಸೆಕೆಂಡಿನ ದೂರ

ಅಣ್ಣನನ್ನು ಹುಡುಕುತ್ತಿದ್ದ ತಂಗಿಗೆ ಆಫೀಸಿನಲ್ಲಿ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನಾಳೆ ಬೆಳಿಗ್ಗೆ ಅಮ್ಮನ ಹೃದಯದ ಆಪರೇಷನ್. ಅದಕ್ಕೆ ಮುಂಚೆ ಅಮ್ಮನಿಗೆ ಬೇಕಿದ್ದದ್ದು ಒಂದೇ, ಮಗನ ಮುಖ. ಆ ಮಹಾರಾಯನೋ ಅಪ್ಪನ ಜೊತೆ ಜಗಳವಾಡಿ ಮನೆ ಬಿಟ್ಟು ಎರಡು ವರ್ಷ. ಫೋನ್ ಮಾಡಿದರೆ "ಸಮುದ್ರದಾಚೆ ಇದ್ದೀನಿ, ಟಿಕೆಟ್ ಸಿಕ್ತಿಲ್ಲ" ಎಂಬ ಒಂದೇ ರಾಗ. ಆದರೆ ದಿನಾ ಸಂಜೆ ಅಮ್ಮನ ಜೊತೆ ಚದುರಂಗ ಆಡುವುದನ್ನು ಮಾತ್ರ ತಪ್ಪಿಸಿರಲಿಲ್ಲ. ಆ ಆಟ ನಡೆಯುತ್ತಿದ್ದುದು ಅವನದೇ ಕಂಪ್ಯೂಟರಿನಲ್ಲಿ. ಅದರ ನೆಟ್‌ವರ್ಕ್ ನಂಬರು ಅಮ್ಮನ ಲ್ಯಾಪ್‌ಟಾಪಿನಲ್ಲಿ ಸಿಕ್ಕಿತು.

ನೆಟ್‌ವರ್ಕ್ ಕಾಯುವುದೇ ತಂಗಿಯ ಕೆಲಸ. ತಮ್ಮ ಆಫೀಸಿನಿಂದ, ಜೊತೆಗೆ ಬೇರೆ ಊರಿನ ಎರಡು ಶಾಖೆಗಳಿಂದ ಆ ನಂಬರಿಗೆ ನೂರು ನೂರು ಸಲ ಕರೆ ಕಳಿಸಿ, ಉತ್ತರ ಬರಲು ಹಿಡಿದ ಸಮಯ ಅಳೆದಳು. ಸರಾಸರಿ ತೆಗೆದು, ಅದನ್ನು ದೂರಕ್ಕೆ ತಿರುಗಿಸಿ ನಕ್ಷೆಯ ಮೇಲೆ ಮೂರು ವೃತ್ತ ಎಳೆದಳು. ಮೂರೂ ಸೇರಿದ್ದು ನಡುಸಮುದ್ರದಲ್ಲಿ!

ಪಕ್ಕದ ಮೇಜಿನವನಿಗೆ ನಗು ತಡೆಯಲಾಗಲಿಲ್ಲ. ಎಲ್ಲವನ್ನೂ ಅಳೆಯುವ ಅವನನ್ನು ಆಫೀಸಿನವರು ಗಡಿಯಾರ ಎಂದೇ ಕರೆಯುತ್ತಿದ್ದರು.

"ಸರಾಸರಿ ತೆಗೆದ್ಯಾ ತಾಯಿ? ಕರೆ ದಾರೀಲಿ ಕಾದ ಹೊತ್ತನ್ನೂ ದೂರ ಅಂತ ಎಣಿಸಿಬಿಟ್ಟೆ. ಉತ್ತರ ತಡವಾಗಿ ಬರೋಕೆ ನೂರು ಕಾರಣ. ಬೇಗ ಬರೋಕೆ ಒಂದೇ ಕಾರಣ, ಹತ್ರ ಇರೋದು. ಎಲ್ಲಕ್ಕಿಂತ ಕಡಿಮೆ ಇರೋದನ್ನ ನೋಡು."

ಕೆಲಸಕ್ಕೆ ಸೇರಿದ ಮೊದಲ ದಿನ ಕಲಿತ ಪಾಠ ಗಾಬರಿಯಲ್ಲಿ ಮರೆತೇ ಹೋಗಿತ್ತು. ಪಟ್ಟಿ ಜಾಲಾಡಿದಳು. ತಮ್ಮ ಆಫೀಸಿನಿಂದ ಅತಿ ಕಡಿಮೆ ಒಂದು ಮಿಲಿಸೆಕೆಂಡ್. ಅಷ್ಟರಲ್ಲಿ ಕೇಬಲ್ಲಿನ ಬೆಳಕು ಕೂಡ ನೂರು ಕಿಲೋಮೀಟರಿಗಿಂತ ಆಚೆ ಹೋಗಿ ಬರಲಾರದು. ಸಮುದ್ರವೂ ಇಲ್ಲ, ಮಣ್ಣೂ ಇಲ್ಲ.

ಸಿಟ್ಟು ನೆತ್ತಿಗೇರಿತು, ಬೆನ್ನಿಗೇ ಅಳುವೂ ಬಂತು. ಮೆಟ್ಟಿಲ ಬಳಿ ಓಡಿ ಫೋನ್ ಮಾಡಿದಳು.

"ಟಿಕೆಟ್ಟು..." ಎಂದು ಅಣ್ಣ ಶುರು ಹಚ್ಚಿದ.

"ಬಸ್ ಟಿಕೆಟ್ ಸಾಕು ಬಿಡಣ್ಣ. ನಿನ್ನ ಕಂಪ್ಯೂಟರ್ ಒಂದೇ ಮಿಲಿಸೆಕೆಂಡಲ್ಲಿ ಓಗೊಡ್ತು. ನಿಂಗ್ಯಾಕೆ ಎರಡು ವರ್ಷ ಬೇಕಾಯ್ತು?"

ತಂಗಿ ಎರಡು ಮೆಟ್ಟಿಲು ಇಳಿದಳು, ಮತ್ತೆ ಹತ್ತಿದಳು.

"ಅಪ್ಪ ಇರ್ತಾರಾ ಆಸ್ಪತ್ರೇಲಿ?" ಅಣ್ಣ ಕೇಳಿದ.

"ಇರ್ತಾರೆ." ಅವಳಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಅವನು ಮೂಗು ಏರಿಸಿಕೊಂಡದ್ದು ಕೇಳಿಸಿತು.

"ಅಮ್ಮ ಎಷ್ಟನೇ ಮಹಡೀಲಿದ್ದಾಳೆ?"