ದುಗ್ಗಪ್ಪ ಮಾವನ ಕೂ

ನೆಲಗಡಲೆ ಹೂ ಬಿಟ್ಟ ಮೇಲೆ ನೀರು ತಪ್ಪಬಾರದು. ಹೂವಿನ ಬುಡದಿಂದ ಇಳಿಯುವ ಕಡ್ಡಿ ಮಣ್ಣು ಹಸಿಯಿದ್ದರೆ ಮಾತ್ರ ಒಳಗೆ ಹೋಗಿ ಕಾಯಿ ಕಟ್ಟುತ್ತದೆ. ಮಣ್ಣು ಗಟ್ಟಿಯಾದರೆ ಮೇಲೆಯೇ ಒಣಗುತ್ತದೆ. ಬಿಜೂರಿನ ಸುಗುಣಳಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಗಂಡ ರವಿಚಂದ್ರ ಉಪ್ಪುಂದದಲ್ಲಿ ಟೆಂಪೊ ಓಡಿಸುತ್ತಾನೆ. ಗದ್ದೆಯ ಕಾರಭಾರವೆಲ್ಲ ಅವಳದೇ. ಈ ಸಲ ಗಿಡ ಕಣ್ಣು ಬೀಳುವ ಹಾಗೆ ಬಂದಿತ್ತು. ಮೊಗ್ಗು ಕಾಣಿಸಿಕೊಂಡ ವಾರವೇ ಬಯಲಿನ ಟಿಸಿ ಸುಟ್ಟುಹೋಯಿತು. ಅಷ್ಟೂ ಪಂಪುಗಳಿಗೆ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರಿಗೆ ಅಲ್ಲಿ ಎಲ್ಲರೂ ಹೇಳುವುದು ಟಿಸಿ ಎಂದೇ. ಈ ವರ್ಷ ಅದು ಸುಟ್ಟದ್ದು ಎರಡನೇ ಸಲ.

ಹೊಸದನ್ನು ಕೂರಿಸಲು ಬಂದ ಇಂಜಿನಿಯರ್ ವಿಜೇತಾ ಬ್ರಹ್ಮಾವರದ ಹುಡುಗಿ. ಟಿಸಿಯ ಜೊತೆಗೆ ಒಂದು ಬಿಳಿ ಡಬ್ಬಿಯನ್ನೂ ಕಂಬಕ್ಕೆ ಬಿಗಿಸಿದಳು. ಅದರ ತಲೆಯ ಮೇಲೆ ಬೆರಳುದ್ದದ ಆಂಟೆನಾ, ಹೊಟ್ಟೆಯಲ್ಲಿ ಮಿಣಮಿಣ ಎನ್ನುವ ಹಸಿರು ದೀಪ.

"ಇದೆಂತದ್ ಮೇಡಂ? ಟಿಸಿಗೂ ಮೊಬೈಲ್ ಕೊಡ್ಸಿದ್ರಿಯಾ?" ಎಂದ ಮೇಲಿನ ಗದ್ದೆಯ ರಾಜೇಂದ್ರ. ಬಯಲಿನಲ್ಲಿ ಏನೇ ನಡೆದರೂ ಮೊದಲ ಮಾತು ಅವನದು.

"ಹೌದ್ ಮಾರಾಯ್ರೆ, ಅದಕ್ಕೂ ಒಂದ್ ಸಿಮ್ ಇತ್ತ್. ಇಷ್ಟ್ ದಿನ ಟಿಸಿ ಸುಟ್ಟದ್ ನಮ್ಗ್ ಗೊತ್ತಾಪುದ್ ನೀವ್ ಫೋನ್ ಮಾಡಿ ಬೈದ್ ಮೇಲೆ. ಇನ್ನ್ ಯಾವ್ ಹೊತ್ತಿಗ್ ಎಷ್ಟ್ ಭಾರ ಬಿತ್ತ್ ಅಂದೇಳಿ ಅದೇ ಹೇಳತ್ತ್."

"ಹಾಂಗಾರೆ ನಮ್ ಟಿಸಿ ಸ್ಮಾರ್ಟ್ ಆಯ್ತ್ ಅನ್ನಿ!"

"ಅರ್ಧ ಆಯ್ತ್. ಕಂಡದ್ದ್ ಹೇಳುಕ್ ಬತ್ತ್, ತಡದ್ ನಿಲ್ಸುಕೆ ಬತ್ತಿಲ್ಲ. ಒಂದೊಂದ್ ಪಂಪಿಗೂ ಇಂಥದ್ದೇ ಡಬ್ಬಿ ಬಂದ್ರೆ ಅದೇ ಸರದಿ ಮಾಡತ್ತ್. ಅಲ್ಲಿವರೆಗೆ ಆ ಅರ್ಧ ಕೆಲ್ಸ ನೀವೇ ಮಾಡ್ಕ್."

ತಡೆದು ನಿಲ್ಲಿಸಬೇಕಾದ್ದು ಏನೆಂದು ಎಲ್ಲರಿಗೂ ಗೊತ್ತಿತ್ತು. ಕರೆಂಟು ಹೋಗಿ ಬಂದರೆ ಪಂಪು ತಾನಾಗಿ ಏಳುವುದಿಲ್ಲ. ಯಾರಾದರೂ ಗದ್ದೆಗಿಳಿದು ಗುಂಡಿ ಒತ್ತಬೇಕು. ಆ ತಾಪತ್ರಯ ಬೇಡವೆಂದು ಬಯಲಿನವರೆಲ್ಲ ಆಟೋ ಸ್ವಿಚ್ ಹಾಕಿಸಿಕೊಂಡಿದ್ದರು. ಕರೆಂಟು ಬಂದ ಕ್ಷಣವೇ ಎಲ್ಲ ಪಂಪುಗಳೂ ಒಟ್ಟಿಗೆ ಎದ್ದು ನಿಲ್ಲುತ್ತಿದ್ದವು. ಓಡುವ ಮೋಟಾರಿಗಿಂತ ಏಳುವ ಮೋಟಾರಿಗೆ ಹಸಿವು ಬಹಳ. ಮದುವೆ ಮನೆಯಲ್ಲಿ ಬಂದವರೆಲ್ಲ ಮೊದಲ ಪಂಕ್ತಿಗೇ ನುಗ್ಗಿದರೆ ಬಡಿಸುವವನ ಪಾಡು ಏನಾಗುತ್ತದೆಯೋ ಟಿಸಿಯ ಪಾಡೂ ಅದೇ ಆಗಿತ್ತು.

ಎರಡನೇ ಸಲ ಸುಟ್ಟಾಗ ಬಯಲಿನವರು ಹಾಯ್ಗುಳಿ ದೈವದ ಮನೆಯ ಜಗುಲಿಯಲ್ಲಿ ಸೇರಿ, ಆಟೋ ಸ್ವಿಚ್ಚನ್ನು ಎಲ್ಲರೂ ಕಿತ್ತುಬಿಡುವುದೆಂದು ಮಾತು ಮಾಡಿಕೊಂಡಿದ್ದರು. ಎಲ್ಲರ ಪರವಾಗಿ ಕೈ ಮುಗಿದು ಪ್ರಾರ್ಥನೆ ಹೇಳಿದವರು ಬಯಲಿಗೆ ಹಿರಿಯರಾದ ದುಗ್ಗಪ್ಪ, ರವಿಚಂದ್ರನ ಚಿಕ್ಕಪ್ಪ. ಸುಗುಣಳಿಗೆ ಅವರು ಮಾವ.

ಕೆಲವು ದಿನ ಕಳೆದು ವಿಜೇತಾ ಸುಗುಣಳ ಅಂಗಳದಲ್ಲಿ ಸ್ಕೂಟರ್ ನಿಲ್ಲಿಸಿದಳು. ಮೊಬೈಲಿನಲ್ಲಿ ಒಂದು ಗೆರೆ ತೋರಿಸಿದಳು.

"ಕಾಣಿ ಸುಗುಣಕ್ಕ. ಕರೆಂಟ್ ಬಂದ್ ಕೂಡ್ಲೆ ಗೆರೆ ಗೋಡೆ ಹಾಂಗೆ ನಿಂತಿತ್. ಎರಡ್ ಪಂಪಾದ್ರೂ ಆ ಕ್ಷಣಕ್ಕೇ ಏಳತ್ತ್. ಮನ್ಷರ್ ಯಾರೂ ಅಷ್ಟ್ ಬೇಗ ಓಡುಕಾತಿಲ್ಲ. ಅದರ್ ಸದ್ದ್ ಕೇಂಡ್ ಉಳ್ದವ್ರೂ ಗಡಿಬಿಡಿಯಲ್ ಒಟ್ಟಿಗೇ ಒತ್ತುದ್."

ಸುಗುಣಳೂ ಹಾಗೆ ಓಡುವವಳೇ. ಅವಳ ಪಂಪು ಲೈನಿನ ಕಟ್ಟಕಡೆಗೆ. ತಡವಾದರೆ ವೋಲ್ಟೇಜು ಬಿದ್ದು ಮೋಟಾರು ಗುಂಯ್ ಎನ್ನುತ್ತದೆಯೇ ಹೊರತು ನೀರೆತ್ತುವುದಿಲ್ಲ.

"ಯಾರ್ದ್ ಆ ಎರಡ್ ಪಂಪ್?"

"ಅದ್ ಈ ಡಬ್ಬಿಗ್ ಗೊತ್ತಿಲ್ಲ. ಹೀಂಗೇ ಆದ್ರೆ ಇದೂ ಸುಡತ್ತ್. ಸ್ಟೋರಲ್ಲಿ ಬೇರೆ ಟಿಸಿ ಇಲ್ಲ. ಆಯ್ತವಾರ ದೈವದ್ ಮನೆ ಜಗುಲಿಗ್ ಬತ್ತೆ, ಎಲ್ಲರಿಗೂ ತೋರ್ಸ್ತೆ."

ಡಬ್ಬಿಗೆ ಗೊತ್ತಿಲ್ಲದ್ದು ಸುಗುಣಳಿಗೆ ಆ ಕ್ಷಣ ಹೊಳೆಯಿತು. ದಿನಾ ಪಂಪಿಗೆ ಓಡುವಾಗ ದುಗ್ಗಪ್ಪ ಮಾವನ ಕಣಿಯಲ್ಲಿ ಆಗಲೇ ನೀರು ಹರಿಯುತ್ತಿರುತ್ತದೆ. ಹಳೇ ಕಾಲದ ಮನುಷ್ಯ, ಮೊದಲೇ ಹೋಗಿ ಕಾಯುತ್ತಾರೆ ಎಂದುಕೊಂಡಿದ್ದಳು. ಆದರೆ ಪಂಪಿನ ಹತ್ತಿರ ಅವರನ್ನು ಒಂದು ದಿನವೂ ಕಂಡ ನೆನಪಿಲ್ಲ!

ಅವಳ ಹೂವೆಲ್ಲ ಕಡ್ಡಿಯಾಗಿ ನೆಲಕ್ಕೆ ಬಾಗುತ್ತಿದ್ದ ಹೊತ್ತು ಅದು. ಸಂಜೆ ಕರೆಂಟಿಲ್ಲದಾಗ ಸಿಟ್ಟಿನಲ್ಲಿ ನೇರ ಅವರ ಪಂಪಿನ ಶೆಡ್ಡಿಗೆ ಹೋದಳು. ಗೋಣಿ ಎತ್ತಿದರೆ, ಅಡಿಯಲ್ಲಿ ಆಟೋ ಸ್ವಿಚ್. ತಂತಿಗೆ ಕೈ ಹಾಕಬೇಕು ಎನ್ನುವಾಗ ಗದ್ದೆಯ ಅಂಚಿನ ಮೇಲೆ ಕೋಲಿನ ಸದ್ದಾಯಿತು.

ದುಗ್ಗಪ್ಪ ದಿಬ್ಬದ ಮನೆಯಿಂದ ಇಳಿಯುತ್ತಿದ್ದರು, ಏಡಿಯ ಹಾಗೆ ಅಡ್ಡಡ್ಡ. ಬಲಗಾಲನ್ನು ಮೊದಲು ಇಟ್ಟು ಎಡಗಾಲನ್ನು ಎಳೆದುಕೊಳ್ಳುತ್ತಿದ್ದರು. ನಡುವೆ ಅಂಚಿನ ಮೇಲೆ ಕೂತರು, ಎದ್ದರು, ಮತ್ತೆ ಕೂತರು. ಹೊರಗಿನವರ ಎದುರು ಜಗುಲಿಯಲ್ಲಿ ಕಲ್ಲಿನ ಹಾಗೆ ಕೂತಿರುವ ಮಾವ ಇವರೇನಾ ಎನಿಸಿತು. ಅವರು ಶೆಡ್ಡು ಮುಟ್ಟುವಷ್ಟರಲ್ಲಿ ಸುಗುಣಳ ಸಿಟ್ಟು ಅರ್ಧ ಇಳಿದಿತ್ತು.

"ಕಂಡ್ಯಾ?" ಎಂದರು.

"ಕಂಡೆ. ಹಾಯ್ಗುಳಿ ಎದುರು ಕೈ ಮುಗ್ದವರ್ ನೀವೇ ಅಲ್ದಾ ಮಾವ?"

"ನಾನೇ. ಅದ್ಕೇ ಊಟ ಸೇರ್ತಿಲ್ಲ." ಮೊಣಕಾಲು ತೋರಿಸಿದರು, ಊದಿಕೊಂಡಿತ್ತು. "ಕರೆಂಟ್ ಬಂತ್ ಅಂದೇಳಿ ಹೊರಟ್ರೆ ನಾ ಇಲ್ಲಿಗ್ ಬಪ್ಪತಿಗೆ ನಿಮ್ದೆಲ್ಲ ಎದ್ದಾಯ್ತ್. ನನ್ ಪಂಪ್ ಬರೇ ನರಳತ್ತ್."

"ಹೇಳೂಕಾಗ್ದಾ?"

"ಎಂತ ಹೇಳೂದ್? ದುಗ್ಗಪ್ಪನ ಕಾಲ್ ಬಿದ್ ಹೋಯ್ತ್, ಯಾರಾದ್ರೂ ಪಂಪ್ ಹಾಕಿ ಅಂದೇಳಿ ಮನೆ ಮನೆಗ್ ಹೋಯ್ಕಾ? ಹೋಪುಕಾರೂ ಕಾಲ್ ಬೇಕಲೆ!"

ಸುಗುಣಳಿಗೆ ನಗು ತಡೆಯಲಿಲ್ಲ. ಅವರಿಗೂ ಬಂತು, ಸ್ವಲ್ಪ ಹೊತ್ತು ಬಿಟ್ಟು.

"ನಿಮ್ ಪಂಪ್ ನಾ ಹಾಕ್ತೆ. ಹೇಂಗೂ ಇದೇ ದಾರಿ. ಆದ್ರೆ ಪುಕ್ಕಟೆ ಅಲ್ಲ," ಎಂದಳು. "ಕಾಲ್ ಹೋದ್ರೂ ಗಂಟ್ಲ್ ಇತ್ತಲ್ದಾ? ಮುಂಚೆ ನೀವ್ ಕೂ ಹಾಕಿದ್ರೆ ನಾಗೂರಿಗೆ ಕೇಂತಿತ್ ಅಂಬ್ರ್."

"ಈಗ್ಳೂ ಕೇಂತ್. ಎಂತಕೆ?"

"ಟಿಸಿ ನಿಮ್ ಜಗುಲಿ ಎದುರೇ ಇತ್ತ್. ಕರೆಂಟ್ ಬಂದ್ ಕೂಡ್ಲೆ ಯಾರೂ ಓಡೂದ್ ಬೇಡ. ನೀವ್ ಒಂದ್ ಕೂ ಹಾಕಿ, ಮೇಲಿನ ಗದ್ದೆಯವ್ರ್ ಒತ್ಲಿ. ಎಲೆಗ್ ಸುಣ್ಣ ಹಚ್ಚಿ ಮಡ್ಚುವಷ್ಟ್ ಹೊತ್ತ್ ಬಿಟ್ಟ್ ಇನ್ನೊಂದ್ ಹಾಕಿ. ಅದ್ ನಡುವಿನವ್ರಿಗ್, ನಿಮ್ ಪಂಪಿಗೂ. ಮೂರನೇ ಕೂ ಕಡೆಗಿಪ್ಪ ನಮ್ಗೆ."

ದುಗ್ಗಪ್ಪ ತಾವೇ ಬಗ್ಗಿ ಸ್ವಿಚ್ಚಿನ ತಂತಿ ಬಿಚ್ಚತೊಡಗಿದರು. ಸುಗುಣ ನೋಡದವಳ ಹಾಗೆ ಕಣಿಯ ಕಡೆ ತಿರುಗಿ ನಿಂತಳು.

ಆದಿತ್ಯವಾರ ದೈವದ ಜಗುಲಿಯಲ್ಲಿ ವಿಜೇತಾ ಎಲ್ಲರಿಗೂ ಗೆರೆ ತೋರಿಸಿದಳು. ರಾಜೇಂದ್ರ ಎದ್ದು ನಿಂತ. "ಯಾರ್ ಆ ಮರ್ಯಾದಿ ಇಲ್ಲದವ್ರ್? ಹೆಸ್ರ್ ಹೇಳಿ!"

ಸುಗುಣ ಬಾಯಿ ತೆರೆಯುವ ಮೊದಲೇ ದುಗ್ಗಪ್ಪ ಟವಲಿನ ಗಂಟು ಬಿಚ್ಚಿ ಸ್ವಿಚ್ಚನ್ನು ಜಗುಲಿಯ ಮೇಲಿಟ್ಟರು. "ಒಂದ್ ನಂದ್. ಕಾಲ್ ಆತಿಲ್ಲ, ಹೇಳುಕ್ ನಾಚ್ಕೆ ಆಯ್ತ್. ದೈವಕ್ಕೆ ತಪ್ಪು ಕಾಣಿಕೆ ಹಾಕ್ತೆ. ನಿಮಗೆ ಕೂ ಹಾಕ್ತೆ."

ರಾಜೇಂದ್ರ ಮೆಲ್ಲನೆ ಕುಳಿತ.

"ಇನ್ನೊಂದ್?" ಎಂದಳು ವಿಜೇತಾ. ಸುಗುಣ ಎದ್ದು, "ಅದ್ ಸಿಕ್ಕತ್ತ್ ಬಿಡಿ ಮೇಡಂ. ಚಾ ತಣೀತಾ ಇತ್ತ್," ಎಂದು ಲೋಟ ಹಂಚುತ್ತ ಮೂರು ಕೂಗಳ ಸರದಿಯನ್ನು ಎಲ್ಲರಿಗೂ ವಿವರಿಸಿದಳು.

ಮರುದಿನ ಬೆಳಿಗ್ಗೆ ದೈವದ ಜಗುಲಿಯ ಮೇಲೆ, ತುಳಸಿ ಎಲೆಯ ಪಕ್ಕ, ಎರಡನೆಯ ಸ್ವಿಚ್ ಬಿದ್ದಿತ್ತು. ಅದು ಯಾರದ್ದೆಂದು ಊರಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕೇಳುತ್ತ ತಿರುಗಿದವನು ರಾಜೇಂದ್ರನೇ. ಯಾರೂ ಅವನಿಗೆ ಉತ್ತರ ಕೊಡಲು ಹೋಗಲಿಲ್ಲ.

ಆ ದಿನ ಕರೆಂಟು ಬಂದಾಗ ದಿಬ್ಬದ ಮೇಲಿಂದ "ಕೂ...!" ಎಂದು ಕೇಳಿತು. ತೋಡಿನಾಚೆಯ ಕೊಕ್ಕರೆಗಳು ಎದ್ದು ಹಾರಿದವು. ಮೇಲಿನ ಗದ್ದೆಯ ಪಂಪುಗಳು ಎದ್ದವು. ಸ್ವಲ್ಪ ಬಿಟ್ಟು ಎರಡನೆಯ ಕೂ. ಸುಗುಣ ಮಾವನ ಪಂಪಿನ ಗುಂಡಿ ಒತ್ತಿ ತನ್ನ ಶೆಡ್ಡಿನ ಕಡೆ ನಡೆದಳು. ಓಡಲಿಲ್ಲ. ಅಭ್ಯಾಸಬಲದಿಂದ ಕಾಲು ಎರಡು ಸಲ ಓಡಲು ಹೋಯಿತು, ಅವಳೇ ಹಿಡಿದಳು.

ಜೇಬಿನ ಮೊಬೈಲು ಸದ್ದು ಮಾಡಿತು. ವಿಜೇತಾ ಗೆರೆ ಕಳಿಸಿದ್ದಳು. ಗೋಡೆಯಿದ್ದಲ್ಲಿ ಈಗ ಎರಡು ಮೆಟ್ಟಿಲು. ಮೂರನೆಯ ಮೆಟ್ಟಿಲು ಇನ್ನೂ ಬಂದಿರಲಿಲ್ಲ. ಸುಗುಣ ಗುಂಡಿಯ ಮೇಲೆ ಬೆರಳಿಟ್ಟು ನಿಂತಳು.

ದಿಬ್ಬದ ಮೇಲೆ ದುಗ್ಗಪ್ಪ ಮಾವ ಎಲೆ ಮಡಚಿ ಬಾಯಿಗೆ ಹಾಕಿಕೊಂಡೇಬಿಟ್ಟರೋ ಏನೋ, ಮೂರನೆಯ ಕೂ ಸ್ವಲ್ಪ ತೊದಲಿಕೊಂಡು ಬಂತು. ಅವಳು ಒತ್ತಿದಳು. ಕಟ್ಟಕಡೆಯ ಪೈಪಿನಿಂದ ನೀರು ಬಾಯಿ ತುಂಬ ಬಂದು, ನೆಲಗಡಲೆಯ ಸಾಲಿಗಿಳಿಯಿತು.