ಕೇಳುವವಳೇ ಮಾತಾಡುವ ಸೆಟ್ಟು

ಹಳೇಬೀಡಿನಿಂದ ಬಂದ ಬಸ್ಸು ಅರಸೀಕೆರೆಯಲ್ಲಿ ನಿಂತು, ಎಲ್ಲರೂ ಇಳಿದರೂ ಕ್ಷಮಾ ಕೂತೇ ಇದ್ದಳು. ಕಂಡಕ್ಟರ್ "ಇಳೀರಮ್ಮ, ಮುಂದಕ್ಕೆ ಹೋಗಲ್ಲ" ಎಂದ ಮೇಲೆ ಎದ್ದಳು. ಶ್ರಾವಣದಲ್ಲಿ ಗಂಡ ಧರಣಪ್ಪ ಎದೆನೋವೆಂದು ಕೂತವನು ಏಳದೇ ಹೋದ. ಅಂದಿನಿಂದ ಅವಳದು ಹೀಗೇ. ಉಣ್ಣು ಎಂದರೆ ಉಣ್ಣುವುದು, ಮಲಗು ಎಂದರೆ ಮಲಗುವುದು. ಮೈದುನ ನೇಮಿನಾಥ್, "ಅತ್ತಿಗೆ, ರೇಡಿಯೋ ಇನ್ನು ಯಾರಿಗೆ? ಭಾನುವಾರ ಆಂಟೆನಾ ಕಂಬ ಇಳಿಸಿಬಿಡ್ತೀನಿ" ಎಂದಾಗಲೂ "ಆಗಲಿ" ಎಂದಿದ್ದಳು. ನಾಳೆಯೇ ಭಾನುವಾರ.

ಗಂಡ ಹೆಂಡತಿ ಇಬ್ಬರೂ ಹ್ಯಾಮ್‌ಗಳು. ಸರ್ಕಾರದ ಲೈಸೆನ್ಸು ಪಡೆದು, ಮನೆಯಲ್ಲೇ ಕೂತು ರೇಡಿಯೋದಲ್ಲಿ ದೂರದೇಶದವರೊಡನೆ ಮಾತಾಡುವವರು. ಅದರಲ್ಲೂ ಕಾಂಟೆಸ್ಟ್ ಎಂದರೆ ಧರಣಪ್ಪನಿಗೆ ಜೀವ. ಗೊತ್ತಾದ ಹೊತ್ತಿನೊಳಗೆ ಯಾರು ಹೆಚ್ಚು ಜನರನ್ನು, ಹೆಚ್ಚು ದೇಶಗಳನ್ನು ಹಿಡಿಯುತ್ತಾರೆಂಬ ಪಂದ್ಯ ಅದು. ಅವರ ಮನೆಯಲ್ಲಿ ಕಿವಿ ಕ್ಷಮಾಳದು, ಬಾಯಿ ಧರಣಪ್ಪನದು. ಗೊರಗೊರ ಸದ್ದಿನೊಳಗಿಂದ ಅವಳು ಯಾರದೋ ಕಾಲ್‌ಸೈನ್, ಅಂದರೆ ಲೈಸೆನ್ಸಿನ ಜೊತೆ ಕೊಡುವ ಗುರುತಿನ ಹೆಸರು, ಹೆಕ್ಕಿ ಎಡಕ್ಕೆ ತಿರುಗಿ ಹೇಳುವಳು, ಅವನು ಮೈಕಿನಲ್ಲಿ ಕೂಗುವನು. ಅವಳಿಗೂ ಸ್ವಂತ ಕಾಲ್‌ಸೈನ್ ಇತ್ತು. ಬಳಸಿದ್ದೇ ಇಲ್ಲ.

ಬೇಸಿಗೆಯ ಸಿಡಿಲಿಗೆ ಹಳೇ ರೇಡಿಯೋ ಸೆಟ್ಟು ಸುಟ್ಟುಹೋಗಿತ್ತು. ಹೊಸದು ಯಾವುದು ಬೇಕೆಂದು ಇಬ್ಬರಿಗೂ ಜಗಳ ನಡೆದಿತ್ತು. ಅದು ಅರ್ಧಕ್ಕೇ ನಿಂತಿತು.

ಕೊಬ್ಬರಿ ವ್ಯಾಪಾರದ ಬಸವಕುಮಾರ್ ಧರಣಪ್ಪನ ರೇಡಿಯೋ ಗೆಳೆಯ. ಕಂಬ ಇಳಿಯುವ ಸುದ್ದಿ ಕೇಳಿ ಅವನೇ ಅವಳನ್ನು ಅರಸೀಕೆರೆಗೆ ಕರೆಸಿದ್ದ. ಅಂಗಡಿಯ ಮೇಲಿನ ಕೋಣೆಯಲ್ಲಿ ತನ್ನದೊಂದು, ಸ್ನೇಹಿತನಿಂದ ತಂದದ್ದೊಂದು, ಯಾವುದನ್ನು ಕೊಳ್ಳಬೇಕೆಂದು ಅವಳು ಕೇಳಿ ನೋಡಲಿ ಎಂದು ಎರಡು ಸೆಟ್ಟು ಜೋಡಿಸಿಟ್ಟಿದ್ದ.

"ಈ ದೊಡ್ಡದು ನೋಡಕ್ಕ. ಇದ್ರಾಗೆ ಎರಡು ರಿಸೀವರ್ ಐತೆ. ಇಬ್ರು ಕೂತು ಬೇರೆಬೇರೆ ಕೇಳ್ಬೋದು. ಧರಣಪ್ಪಣ್ಣ ಇದುಕ್ಕೇ ಜೊಲ್ಲು ಸುರಿಸ್ತಿದ್ದ. ಈ ಸಣ್ಣದು ಒಬ್ರಿಗೆ ಆಗೋದು. ಆದ್ರೆ ಪಕ್ಕದಲ್ಲಿ ಯಾವನಾದ್ರೂ ಎಷ್ಟೇ ಕಿರುಚ್ಲಿ, ಇದು ಸಣ್ಣ ದನೀನ ಬಿಟ್ಕೊಡಲ್ಲ. ಯಾವ್ದು ಇಷ್ಟ?"

"ಯಾವುದಾದರೂ ಆಗುತ್ತೆ."

"ಅಯ್ಯೋ, ಅಂಗಡೀಲಿ ಟವೆಲ್ ತಗೊಂಡಂಗೆ ಆಯ್ತಲ್ಲಕ್ಕ!"

ಬಸವಕುಮಾರನ ತಾಯಿ ಗುರುಸಿದ್ದಮ್ಮ ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬಂದರು. "ಹೊತ್ತು ಮುಳುಗೋಕೆ ಮುಂಚೆ ಉಣ್ಣವ್ವ. ಈರುಳ್ಳಿ, ಬೆಳ್ಳುಳ್ಳಿ ಮುಟ್ಟಿಲ್ಲ. ನಿಮ್ ಜೈನ್ರ ಪದ್ಧತಿ ನಂಗೆ ಗೊತ್ತಿಲ್ವಾ." ಮಗನ ಕಡೆ ಕೈ ತೋರಿಸಿ, "ಕೆಳಗಿಂದ ನಾನು ಕೂಗಿದ್ರೆ ಇವ್ನಿಗೆ ಕೇಳ್ಸಲ್ಲ. ಅಮೆರಿಕದೋನು ಕೆಮ್ಮಿದ್ರೆ ಕೇಳ್ಸುತ್ತೆ" ಎಂದರು.

ಕ್ಷಮಾ ಉಂಡಳು. "ಸಾರು ಹೆಂಗೈತೆ?" ಎಂದರೆ, "ಚೆನ್ನಾಗಿದೆ" ಎಂದಳು.

ಸೂರ್ಯ ಮುಳುಗುವ ಹೊತ್ತಿಗೇ ದೂರದ ದನಿಗಳು ಮೇಲೇಳುವುದು. ಮನೆಯಲ್ಲಿ ಆ ಹೊತ್ತಿಗೆ ಊಟ ಮುಗಿಸಬೇಕು, ರೇಡಿಯೋ ಮುಂದೆಯೂ ಇರಬೇಕು. ಧರಣಪ್ಪ ಕೊನೆಯ ತುತ್ತು ಬಾಯಲ್ಲಿಟ್ಟುಕೊಂಡೇ ಓಡಿ ಬರುತ್ತಿದ್ದ.

ಅಂದು ಶನಿವಾರ, ಒಂದು ಸಣ್ಣ ಕಾಂಟೆಸ್ಟ್ ನಡೆಯುತ್ತಿತ್ತು. ಕ್ಷಮಾ ಚೀಲದಿಂದ ತನ್ನ ಹೆಡ್‌ಫೋನ್ ತೆಗೆದಳು. ಅಭ್ಯಾಸಬಲದಿಂದ ಎರಡು ತಂದಿದ್ದಳು. ಒಂದನ್ನು ದೊಡ್ಡ ಸೆಟ್ಟಿಗೆ ಸಿಕ್ಕಿಸಿ ಗುಂಡಿ ತಿರುಗಿಸಿದಳು. ಯುರೋಪಿನವರ ಅಬ್ಬರದ ಅಡಿಯಲ್ಲಿ ಎಳೆಯಷ್ಟು ಒಂದು ದನಿ, ಐಸ್‌ಲ್ಯಾಂಡಿನದು, ಯಾರಾದರೂ ಇದ್ದೀರಾ ಎಂದು ಕರೆಯುತ್ತಿತ್ತು. ಅವಳು ಎಡಕ್ಕೆ ತಿರುಗಿ ಆ ಕಾಲ್‌ಸೈನನ್ನು ಸ್ಪಷ್ಟವಾಗಿ ಹೇಳಿದಳು. ಕಾದಳು.

ಎಡಕ್ಕೆ ಕೂತಿದ್ದ ಬಸವಕುಮಾರ್ ಅವಳನ್ನೇ ನೋಡುತ್ತಿದ್ದ. ಐಸ್‌ಲ್ಯಾಂಡಿನವನು ಮತ್ತೆರಡು ಸಲ ಕರೆದು ಸುಮ್ಮನಾದ.

"ಯಾಕಕ್ಕ, ಮಾತಾಡ್ಲಿಲ್ಲ?"

"ಹೇಳಿದೆನಲ್ಲ" ಎಂದಳು.

ಆಮೇಲೆ ಇಬ್ಬರಿಗೂ ತಿಳಿಯಿತು. ಬಸವಕುಮಾರ್ ಎದ್ದು ಕಿಟಕಿಯ ಬಳಿ ಹೋಗಿ, ಏನೂ ಇಲ್ಲದ ಬೀದಿಯನ್ನು ನೋಡುತ್ತ ನಿಂತ. ಕ್ಷಮಾಳಿಗೆ ಅಳು ಬರಲಿಲ್ಲ. ಬೆರಳು ಮರಗಟ್ಟಿದಾಗ ಚಿವುಟಿ ನೋಡಿದ ಹಾಗೆ, ಎಲ್ಲೋ ಸ್ವಲ್ಪ ತಿಳಿದಂತಾಯಿತು, ಅಷ್ಟೇ.

ಅವಳು ಸಣ್ಣ ಸೆಟ್ಟಿನ ಮುಂದಕ್ಕೆ ಸರಿದಳು. ಅದರ ಹೆಡ್‌ಫೋನಿಗೇ ಮೈಕು ಅಂಟಿಕೊಂಡಿತ್ತು. ಕಾಲಡಿ ಒಂದು ಪೆಡಲು. ಒತ್ತಿದರೆ ದನಿ ಹೊರಗೆ ಹೋಗುತ್ತದೆ. ಕೇಳುವವರೇ ಮಾತಾಡಬೇಕು. ಅದನ್ನು ಹಾಕಿಕೊಂಡು ಗುಂಡಿ ತಿರುಗಿಸಿದರೆ ಐಸ್‌ಲ್ಯಾಂಡಿನವನು ಅಲ್ಲೇ ಮತ್ತೆ ಕರೆಯುತ್ತಿದ್ದ, ಈ ಸಲ ಅಬ್ಬರದಿಂದ ಬಿಡಿಸಿಟ್ಟಂತೆ. ಪೆಡಲು ಒತ್ತಿ ತನ್ನ ಕಾಲ್‌ಸೈನ್ ಹೇಳಿದಳು. ದನಿ ಒಡಕಾಗಿತ್ತು. ಎರಡನೆಯ ಸಲ ಸರಿಯಾಗಿ ಬಂತು.

"ಫೈವ್ ನೈನ್" ಎಂದು, ಅವಳು ತನಗೆ ಎಷ್ಟನೆಯವಳೆಂಬ ನಂಬರನ್ನೂ ಅವನು ಕೊಟ್ಟ. ದನಿ ಬಲು ಜೋರಾಗಿ ಕೇಳುತ್ತಿದೆ ಎಂದು ಫೈವ್ ನೈನಿನ ಅರ್ಥ. ಕಾಂಟೆಸ್ಟಿನಲ್ಲಿ ಕೇಳಲಿ, ಬಿಡಲಿ, ಎಲ್ಲರೂ ಎಲ್ಲರಿಗೂ ಅದನ್ನೇ ಹೇಳುವುದು. ಅವಳೂ ಹೇಳಿದಳು, "ಫೈವ್ ನೈನ್, ಝೀರೋ ಝೀರೋ ವನ್." ಅವಳ ಲೆಕ್ಕದಲ್ಲಿ ಮೊದಲನೆಯವನು ಅವನೇ.

ಬಸವಕುಮಾರ್ ಕಿಟಕಿ ಬಿಟ್ಟು ಬಂದ. "ನಿಜ ಹೇಳಕ್ಕ, ಎಷ್ಟು ಕೇಳಿಸ್ತು?"

"ಫೈವ್ ನೈನ್ ಎಲ್ಲಿ ಬಂತು! ಒಂಬತ್ತಕ್ಕೆ ಮೂರೂ ಇರಲಿಲ್ಲ."

ಕೆಳಗಿನಿಂದ ಗುರುಸಿದ್ದಮ್ಮ ಸೌಟು ಹಿಡಿದೇ ಹತ್ತಿ ಬಂದರು. "ಏನವ್ವ ನೀನು! ಈಗ ಉಣ್ಣಕ್ಕೆ ಕೂತ್ಕಂಡ್ರೆ, ಸಾರಿಗೆ ಉಪ್ಪೇ ಹಾಕಿಲ್ಲ ನಾನು. ಚೆನ್ನಾಗೈತೆ ಅಂದ್ಯಲ್ಲ?"

"ಗೊತ್ತಾಗಲಿಲ್ಲಮ್ಮ" ಎಂದಳು ಕ್ಷಮಾ. "ಈಗ ಯಾವುದೂ ಗೊತ್ತಾಗಲ್ಲ ನನಗೆ."

ಗುರುಸಿದ್ದಮ್ಮ ಬೈಯುವುದನ್ನು ನಿಲ್ಲಿಸಿ, ಅಲ್ಲೇ ಇದ್ದ ಕೊಬ್ಬರಿ ಮೂಟೆಯ ಮೇಲೆ ಕೂತು ಅವಳ ಮೊಣಕಾಲ ಮೇಲೆ ಕೈಯಿಟ್ಟರು.

"ಸಣ್ಣದೇ ಇರಲಿ ಬಸವಕುಮಾರ್" ಎಂದಳು ಕ್ಷಮಾ. "ದೊಡ್ಡದು ನಮ್ಮವರ ಆಸೆ, ಗೊತ್ತು. ಆದರೆ ಅದರ ಇನ್ನೊಂದು ಕಿವಿ ಸುಮ್ಮನೆ ಖಾಲಿ ಇರುತ್ತೆ."

ಎರಡು ಹೆಡ್‌ಫೋನನ್ನೂ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಮೊಬೈಲು ತೆಗೆದು ಮೈದುನನಿಗೆ ಫೋನ್ ಮಾಡಿದಳು.

"ನೇಮಿ, ನಾಳೆ ಏಣಿ ತರಬೇಡ. ಕಂಬ ಇರಲಿ."

"ಹಂಗಂದ್ರೆ ರೇಡಿಯೋ ಯಾರಿಗೆ ಅತ್ತಿಗೆ?"

"ನನಗೆ" ಎಂದಳು.